ಪುನರುತ್ಥಾನ, ಪುನರ್ಜನ್ಮ, ಉಯಿರ್ಪು: ಕೊರಿಂಥದ ಮೊದಲ ಪತ್ರಿಕೆಯ 15ನೇ ಅಧ್ಯಾಯವನ್ನು ಓದುವ ಬಗೆ

(ಆನ್‌ಲೈನ್ ವಿಚಾರಗೋಷ್ಠಿಯ ಮಾತಿನ ಬರಹರೂಪ)

ನನ್ನ ವಾದ ಇಷ್ಟೇ. ಪುನರುತ್ಥಾನವನ್ನು ನಂಬುತ್ತೇವೆ ಅನ್ನುವ ನಾವು ಆ ಪದದ ಜಾಗದಲ್ಲಿ ಎಷ್ಟೋ ಸಲ ಬೇರೆ ನಂಬಿಕೆಗಳನ್ನಿಟ್ಟು ಓದುತ್ತೇವೆ. ಒಂದು ಪುನರ್ಜನ್ಮ, ಇನ್ನೊಂದು ಆತ್ಮದ ಅಮರತ್ವ. ಪೌಲ ಹೇಳಿದ್ದು ಇವೆರಡೂ ಅಲ್ಲ.

ಮೊದಲು ಪದವನ್ನೇ ನೋಡೋಣ. ವಯನಾಡಿನ ಮುಳ್ಳನ್ಕೊಲ್ಲಿ ಕಬಿನಿಯ ದಡದ ಪಂಚಾಯಿತಿ. ಹೊಳೆಯಾಚೆ ಕರ್ನಾಟಕದ ಬೈರಕುಪ್ಪೆ. 1940ರ ದಶಕದಿಂದ ತಿರುವಾಂಕೂರಿನ ಕಡೆಯ ಸಿರಿಯನ್ ಕ್ರೈಸ್ತ ರೈತರು ವಯನಾಡಿಗೆ ವಲಸೆ ಬಂದರು. ಅವರ ಮಲಯಾಳದಲ್ಲಿ ಈಸ್ಟರ್ ಅಂದ್ರೆ ‘ಉಯಿರ್ಪು’. ಅದರೊಳಗಿನ ‘ಉಯಿರ್’ ನಮ್ಮ ‘ಉಸಿರಿ’ನ ಒಡಹುಟ್ಟು. ಹೊಳೆ ದಾಟಿದರೆ ಕನ್ನಡದಲ್ಲಿ ‘ಪುನರುತ್ಥಾನ’. ಗ್ರೀಕಿನ ‘ಅನಾಸ್ತಾಸಿಸ್’, ಸಿರಿಯಾಕಿನ ‘ಕ್ಯಾಮ್ತಾ’ ಎರಡರಲ್ಲೂ ಇರೋದು ಎದ್ದು ನಿಲ್ಲುವ ಅರ್ಥ. ಆ ಮಟ್ಟಿಗೆ ನಮ್ಮ ‘ಉತ್ಥಾನ’ ಮೂಲಕ್ಕೆ ಹತ್ತಿರ.

ಆದರೆ ಎರಡು ಪದಗಳಲ್ಲೂ ಒಂದೊಂದು ಜಾರುವ ಜಾಗವಿದೆ. ‘ಉಯಿರ್ಪು’ ಕೇಳಿದಾಗ ಹೋದ ಉಸಿರು ಮರಳಿತು ಅನಿಸಬಹುದು, ಲಾಜರನ ಹಾಗೆ. ಆದರೆ ಲಾಜರ ಮತ್ತೆ ಸಾಯಬೇಕಾದವನು. ‘ಪುನರುತ್ಥಾನ’ ಕೇಳಿದಾಗ ‘ಪುನರ್’ ಅನ್ನುವುದು ನಮ್ಮನ್ನು ಪುನರ್ಜನ್ಮದ ಕಡೆಗೆ ಎಳೆಯುತ್ತದೆ. ಅಲ್ಲಿ ದೇಹವೂ ಬೇರೆ, ಹೆಸರೂ ಬೇರೆ. ಪೌಲ ಬಳಸುವ ಕ್ರಿಯಾಪದಕ್ಕೆ ಕನ್ನಡದ ‘ಎಬ್ಬಿಸು’ ಚೆನ್ನಾಗಿ ಹೊಂದುತ್ತದೆ: ನಿದ್ದೆಯಿಂದ ಎಬ್ಬಿಸುವುದು, ಬಿದ್ದವನನ್ನು ಎಬ್ಬಿಸುವುದು, ಎರಡೂ ಅದರಲ್ಲಿವೆ. ಇನ್ನೊಂದು ಮಾತು. 15:4ರಲ್ಲಿ ಕ್ರಿಸ್ತ ತಾನಾಗಿ ಎದ್ದ ಅಂತಿಲ್ಲ, ‘ಎಬ್ಬಿಸಲ್ಪಟ್ಟ’ ಅಂತಿದೆ. ಕೆಲಸ ದೇವರದ್ದು. ಆತ್ಮ ಸಹಜವಾಗಿಯೇ ಅಮರ ಅನ್ನುವುದಾದರೆ ಎಬ್ಬಿಸುವವನೇ ಬೇಕಿಲ್ಲ, ಅಲ್ವಾ?

ಎರಡನೆಯದು ವಾದದ ದಿಕ್ಕು. ಯೇಸು ಎದ್ದದ್ದಕ್ಕೆ ಪುರಾವೆ ಕೊಟ್ಟರೆ ಅಧ್ಯಾಯ ಮುಗಿಯಿತು ಅಂತ ನಾವು ಓದುತ್ತೇವೆ. ಆದರೆ 12ನೇ ವಚನದಿಂದ ಪೌಲ ಪ್ರಶ್ನೆ ಮಾಡುವುದು ಸತ್ತವರು ಎಬ್ಬಿಸಲ್ಪಡುವುದಿಲ್ಲ ಅನ್ನುವ ಕೊರಿಂಥದವರನ್ನು. ಸತ್ತವರು ಎಬ್ಬಿಸಲ್ಪಡದಿದ್ದರೆ ಕ್ರಿಸ್ತನೂ ಎಬ್ಬಿಸಲ್ಪಟ್ಟಿಲ್ಲ ಅನ್ನುತ್ತಾನೆ. ಅಂದ್ರೆ ಕ್ರಿಸ್ತನನ್ನು ಉಳಿದ ಸತ್ತವರಿಂದ ಬೇರ್ಪಡಿಸಲು ಅವನು ಬಿಡುವುದಿಲ್ಲ.

ಮೂರನೆಯದು ಬೀಜದ ಹೋಲಿಕೆ. ಮುಳ್ಳನ್ಕೊಲ್ಲಿಯ ಕಡೆ ಮೆಣಸನ್ನು ಬಳ್ಳಿಯ ತುಂಡು ನೆಟ್ಟು ಬೆಳೆಸುತ್ತಾರೆ. ಹಳೆಯ ಬಳ್ಳಿಯೇ ಮುಂದುವರಿಯುತ್ತದೆ. ಭತ್ತ ಹಾಗಲ್ಲ. ಬಿತ್ತಿದ ಕಾಳಿನ ರೂಪ ಅಳಿಯುತ್ತದೆ, ಆದರೂ ಬಂದ ಪೈರು ಆ ಕಾಳಿನದೇ. ಪೌಲ ಆರಿಸಿಕೊಂಡದ್ದು ಕಾಳನ್ನು. ಅದೇ ವ್ಯಕ್ತಿ, ಮಾರ್ಪಟ್ಟ ದೇಹ. ‘ಆತ್ಮಿಕ ದೇಹ’ ಅಂದಾಗ ನಾವು ಮೊದಲ ಪದಕ್ಕೆ ಒತ್ತು ಕೊಟ್ಟು ‘ದೇಹ’ವನ್ನು ನುಂಗಿಬಿಡುತ್ತೇವೆ.

ಇದೇ ಅವಸರ ಸುವಾರ್ತೆಗಳ ಓದಿನಲ್ಲೂ ಇದೆ. ನಾಲ್ಕನ್ನೂ ಹೊಲಿದು ಒಂದೇ ಕಥೆ ಮಾಡುತ್ತೇವೆ. ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ ನಿಲ್ಲುತ್ತದೆ: ಹೆಂಗಸರು ಹೆದರಿ ಓಡಿಹೋಗುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಯೋಹಾನನಲ್ಲಿ ಮರಿಯಳು ಯೇಸುವನ್ನು ತೋಟಗಾರ ಅಂದುಕೊಳ್ಳುತ್ತಾಳೆ. ಲೂಕನಲ್ಲಿ ಯೇಸು ಮೀನು ತಿನ್ನುತ್ತಾನೆ. ಗುರುತು ಸಿಗದಷ್ಟು ಬೇರೆ, ಮೀನು ತಿನ್ನುವಷ್ಟು ದೇಹವಂತ. ಈ ಬಿಗಿತವನ್ನು ಸಡಿಲಿಸದೆ ಓದಬೇಕು.

ಪ್ರಶ್ನೆ: ಸಾಮಾನ್ಯ ವಿಶ್ವಾಸಿಗೆ ಈ ಸೂಕ್ಷ್ಮ ಯಾಕೆ ಬೇಕು?

ಉತ್ತರ: ಸಮಾಧಿಯ ಮುಂದೆ ನಾವು ಏನು ಹೇಳುತ್ತೇವೆ ಅನ್ನುವುದು ಇದರ ಮೇಲೇ ನಿಂತಿದೆ. ‘ಆತ್ಮ ಹೋಯ್ತು, ಇದು ಬರೀ ದೇಹ’ ಅಂದರೆ, ಆ ದೇಹ ದುಡಿದದ್ದು, ನೊಂದದ್ದು ಎಲ್ಲ ಅಲ್ಲಿಗೇ ಮುಗೀತು. ಪೌಲ ಅಧ್ಯಾಯ ಮುಗಿಸುವುದು ಸ್ವರ್ಗದ ವರ್ಣನೆಯಿಂದಲ್ಲ. ನಿಮ್ಮ ದುಡಿಮೆ ವ್ಯರ್ಥವಲ್ಲ ಅನ್ನುವ ಮಾತಿನಿಂದ. 58ನೇ ವಚನದವರೆಗೆ ತಾಳ್ಮೆಯಿಂದ ಓದಿದವರಿಗೆ ಮಾತ್ರ ಅದು ಸಿಗುತ್ತದೆ.