ಇಳಿದ ನೀರು, ಇಳಿಯದ ಭಯ: ‘ದ್ವೀಪ’ ಚಿತ್ರದ ಒಂದು ಅವಲೋಕನ

ಶರಾವತಿಗೆ 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಕೆಲವು ಊರುಗಳನ್ನು ನೀರಿಗೆ ಒಪ್ಪಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಇನ್ನಷ್ಟು ಊರುಗಳ ಜೊತೆಗೆ ಆ ಹಳೆಯ ಅಣೆಕಟ್ಟೂ ಹಿನ್ನೀರಿನಲ್ಲಿ ಅಡಗಿತು. ಅಂದಿನಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ, ಅರಳಸುರಳಿಯಂತಹ ಊರುಗಳಲ್ಲಿಯೂ, ‘ಮುಳುಗಡೆ’ ಎಂಬುದು ವಿವರಣೆ ಬೇಡದ ಮಾತಾಗಿದೆ. ಪರಿಹಾರವೆಂದರೆ ಜಮೀನು, ಮನೆ, ಮರಗಳ ಲೆಕ್ಕ. ಮನಸ್ಸಿಗೆ ಬಿದ್ದ ಪೆಟ್ಟಿಗೆ ಅದರಲ್ಲಿ ಎಡೆಯಿಲ್ಲ. ಆ ಬರೆಯದ ಲೆಕ್ಕವನ್ನು ಎತ್ತಿಕೊಂಡ ಕೃತಿಗಳಲ್ಲಿ ‘ದ್ವೀಪ’ ಮುಖ್ಯವಾದುದು.

ಈ ಕಾದಂಬರಿಯನ್ನು ಬರೆದ ಸಾಗರದ ನಾ. ಡಿಸೋಜ (1937–2025) ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿ ಇದನ್ನು ಚಿತ್ರವಾಗಿಸಿದರು. ನಾಗಿಯ ಪಾತ್ರ ವಹಿಸಿದ ಸೌಂದರ್ಯ ಅವರೇ ನಿರ್ಮಾಪಕಿಯೂ ಆಗಿದ್ದ ಈ ಚಿತ್ರ ಅತ್ಯುತ್ತಮ ಕಥಾಚಿತ್ರಕ್ಕೆ ಮೀಸಲಾದ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು.

ಅಣೆಕಟ್ಟಿನ ನೀರು ಏರುತ್ತಿದ್ದಂತೆ ಸೀತಾಪರ್ವತದ ಜನ ಊರು ಬಿಡುತ್ತಾರೆ. ದೇವಾಲಯದ ಅರ್ಚಕ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಮಾತ್ರ ಉಳಿಯುತ್ತಾರೆ. ಇಲ್ಲಿ ಅರ್ಚಕರೆಂಬ ಗೌರವವಿದೆ, ಹೊರಗೆ ಅದು ಸಿಗಲಾರದೆಂಬ ಅಳುಕು ಗಣಪನದು. ಬಿಡದ ಮಳೆ, ಸುತ್ತಲೂ ನೀರು, ನೆರೆಹೊರೆಯಿಲ್ಲದ ಇರುಳು: ಇವುಗಳ ನಡುವೆ ಮನೆಯನ್ನು ಎತ್ತಿ ಹಿಡಿಯುವವಳು ನಾಗಿ. ಕೊನೆಗೆ ಮಳೆ ನಿಲ್ಲುತ್ತದೆ, ಜೀವ ಉಳಿಯುತ್ತದೆ. ಉಳಿಸಿದ್ದು ದೈವವೆಂದು ಗಣಪ ನಂಬುತ್ತಾನೆ. ಹೆಂಡತಿಯ ಹೋರಾಟ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಈ ಮುಕ್ತಾಯವನ್ನು ಹೆಣ್ಣಿನ ಶ್ರಮಕ್ಕೆ ಮನ್ನಣೆ ದೊರೆಯದ ಕಥೆಯೆಂದು ಓದುವುದು ಸಹಜ, ಸರಿಯೂ ಹೌದು. ಆದರೆ ಅಲ್ಲಿ ಇನ್ನೊಂದು ನಿರಾಕರಣೆಯೂ ಇದೆ. ನಾಗಿ ಮಾಡಿದ್ದು ಗಣಪನಿಗೆ ಕಾಣಲಿಲ್ಲ ಎಂಬಷ್ಟೇ ಗಂಭೀರವಾದುದು, ನಾಗಿ ಅನುಭವಿಸಿದ್ದೂ ಕಾಣಲಿಲ್ಲ ಎಂಬ ಸಂಗತಿ. ಆ ಇರುಳುಗಳಲ್ಲಿ ಅವಳಿಗೆ ಎಷ್ಟು ಭಯವಾಗಿತ್ತೆಂದು ಕೇಳುವವರಿಲ್ಲ. ‘ಗಂಡಾಂತರ ಕಳೆಯಿತು’ ಎಂಬ ಸಮಾಧಾನ ಅವಳ ಮಾತಿಗೆ ಬಾಗಿಲು ಮುಚ್ಚುತ್ತದೆ.

ನಾಗಿಗೆ ಕಾಯಿಲೆಯ ಹೆಸರಿಡುವುದು ವಿಮರ್ಶೆಯ ಕೆಲಸವಲ್ಲ. ಆಪತ್ತನ್ನು ಕಂಡವರೆಲ್ಲ ರೋಗಿಗಳಾಗುವುದಿಲ್ಲ, ಬಹುಮಂದಿ ಕಾಲಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಲ್ಲಿ ಕಂಡದ್ದು ಎಚ್ಚರದಲ್ಲಿಯೂ ಕನಸಿನಲ್ಲಿಯೂ ಮರಳಿ ಮರಳಿ ಬರುತ್ತದೆ. ಅದನ್ನು ನೆನಪಿಸುವ ಜಾಗ, ಮಾತು, ಸದ್ದುಗಳಿಂದ ಅವರು ದೂರ ಸರಿಯುತ್ತಾರೆ. ನಿದ್ರೆ ಕೆಡುತ್ತದೆ, ಸಣ್ಣ ಸದ್ದಿಗೂ ಮೈ ಬೆಚ್ಚುತ್ತದೆ, ಪ್ರೀತಿಪಾತ್ರರ ನಡುವೆಯೂ ಮನಸ್ಸು ಮರಗಟ್ಟುತ್ತದೆ. ಇಂತಹ ಸ್ಥಿತಿ ತಿಂಗಳು ಮೀರಿ ಮುಂದುವರಿದು ಬಾಳನ್ನು ಕುಂಠಿತಗೊಳಿಸಿದರೆ ಅದು ಆಘಾತೋತ್ತರ ಒತ್ತಡದ ಬೇನೆಯಾಗಿರಬಹುದು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಈ ಹೆಸರನ್ನು ತನ್ನ ಕೈಪಿಡಿಗೆ ಸೇರಿಸಿತು. ಹೆಸರು ಹೊಸದಾದರೂ ನೋವು ಹಳೆಯದು.

ಈ ಬೆಳಕಿನಲ್ಲಿ ನೋಡಿದಾಗ ಚಿತ್ರದ ಒಂದು ಮಿತಿಯೂ ಗೋಚರಿಸುತ್ತದೆ. ನಾಗಿಯ ಧೈರ್ಯವನ್ನು ಅದು ಎಷ್ಟು ಉಜ್ವಲವಾಗಿ ಬೆಳಗಿಸುತ್ತದೆಯೆಂದರೆ, ಧೈರ್ಯವಂತರಿಗೆ ಗಾಯವಾಗದು ಎಂಬ ನಮ್ಮ ಹಳೆಯ ನಂಬಿಕೆಗೆ ಪ್ರೇಕ್ಷಕ ಸುಲಭವಾಗಿ ಜಾರಬಹುದು. ಮಳೆ ನಿಂತಲ್ಲಿ ಕಥೆ ನಿಲ್ಲುತ್ತದೆ. ಮರುವರ್ಷದ ಮೊದಲ ಮಳೆಯ ಸದ್ದಿಗೆ ಅವಳ ಎದೆ ಹೇಗೆ ಬಡಿದುಕೊಂಡೀತು ಎಂಬ ಪ್ರಶ್ನೆಯನ್ನು ಪ್ರೇಕ್ಷಕನೇ ಹೊತ್ತು ಹೊರಡಬೇಕು.

ಧಾರ್ಮಿಕ ಕುಟುಂಬಗಳನ್ನು ಈ ಪ್ರಶ್ನೆ ವಿಶೇಷವಾಗಿ ತಟ್ಟಬೇಕು. ಗಣಪ ದುಷ್ಟನಲ್ಲ, ಶ್ರದ್ಧಾವಂತ. ಅವನ ಶ್ರದ್ಧೆಯೇ ಪಕ್ಕದಲ್ಲಿರುವ ಜೀವದ ನೋವಿಗೆ ತೆರೆಯಾಯಿತು. ನೊಂದವರಿಗೆ ‘ಅಸಾತಾವೇದನೀಯ ಕರ್ಮದ ಉದಯ, ಅನುಭವಿಸಲೇಬೇಕು’ ಎಂದು ಹೇಳಿ ಕೈತೊಳೆದುಕೊಳ್ಳುವುದು, ಬೇಡವೆಂದರೂ ನುಗ್ಗಿ ಬರುವ ನೆನಪನ್ನು ಆರ್ತಧ್ಯಾನವೆಂದು ಜರೆಯುವುದು ಇದೇ ತೆರೆಯ ಬೇರೆ ರೂಪಗಳು. ಕರ್ಮಸಿದ್ಧಾಂತ ತನ್ನನ್ನು ತಾನು ತಿದ್ದಿಕೊಳ್ಳುವವನ ದೀಪ. ಪರರ ನೋವನ್ನು ಅಳೆದು ತೀರ್ಪು ಕೊಡುವ ಕೋಲಾದಾಗ ಅದು ವಚನದ ಹಿಂಸೆಗೆ ಎಡೆಮಾಡುತ್ತದೆ. ಚತುರ್ವಿಧ ದಾನಗಳಲ್ಲಿ ಔಷಧದಾನ, ಅಭಯದಾನಗಳನ್ನು ಪ್ರತ್ಯೇಕವಾಗಿ ಹೆಸರಿಸಿದ ಪರಂಪರೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬೇನೆಗೆ ಚಿಕಿತ್ಸೆಯುಂಟು. ತರಬೇತಿ ಪಡೆದವರ ನೆರವಿನಿಂದ ಭಯದ ನೆನಪನ್ನು ಸುರಕ್ಷಿತವಾಗಿ, ಹಂತಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆ ಫಲಕಾರಿ. ಖಿನ್ನತೆಗೆ ಕೊಡುವ ಕೆಲವು ಔಷಧಗಳೂ ಸಹಾಯಕ. ಜಪ, ಸಾಮಾಯಿಕಗಳು ಮನಸ್ಸಿಗೆ ಆಸರೆಯಾಗಬಹುದು, ವೈದ್ಯರ ಸ್ಥಾನವನ್ನು ತುಂಬಲಾರವು. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017, ಸರ್ಕಾರಿ ಸೇವೆಯಲ್ಲಿ ಇಂತಹ ಚಿಕಿತ್ಸೆಯನ್ನು ಹಕ್ಕೆಂದು ಮಾನ್ಯ ಮಾಡಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ಬಸದಿಯ ಸೂಚನಾಫಲಕದಲ್ಲಿ ಪೂಜಾವೇಳೆಯ ಕೆಳಗೆ ಆ ಸಂಖ್ಯೆಯನ್ನೂ ಬರೆಸುವುದು ಆಡಳಿತ ಮಂಡಳಿಗಳಿಗೆ ಭಾರವಾಗದು.

ಗಣಪ ಕೃತಜ್ಞತೆಯಿಂದ ಆಕಾಶದತ್ತ ನೋಡಿದ್ದರಲ್ಲಿ ತಪ್ಪಿರಲಿಲ್ಲ. ಅನಂತರ ನಾಗಿಯ ಕಡೆಗೂ ತಿರುಗಿ ‘ನಿನಗೇನಾಯಿತು?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಬೇಕಾಗಿತ್ತು.