ನಾಲ್ಕನೇದಕ್ಕ ಭಾರ ಹಾಕಬ್ಯಾಡ್ರಿ

ಬಚಾಟಾ ಕುಣಿತದ ಮೊದಲ ಪಾಠ ಇಷ್ಟೇ: ಎಡಕ್ಕೆ ಮೂರು ಹೆಜ್ಜೆ, ನಾಲ್ಕನೆಯ ಎಣಿಕೆಗೆ ಕಾಲನ್ನು ನೆಲಕ್ಕೆ ಮುಟ್ಟಿಸಿ ಸುಮ್ಮನಾಗುವುದು, ಆಮೇಲೆ ಬಲಕ್ಕೆ ಮೂರು ಹೆಜ್ಜೆ, ಮತ್ತೆ ಮುಟ್ಟಿಸಿ ಸುಮ್ಮನಾಗುವುದು. ಓದಲಿಕ್ಕೆ ಅರ್ಧ ನಿಮಿಷ ಸಾಕು. ನನಗೆ ಬರಲಿಕ್ಕೆ ಎರಡು ತಿಂಗಳು ಹಿಡಿಯಿತು. ನನ್ನ ವಯಸ್ಸು ನಲವತ್ತೇಳು, ಮೊಣಕಾಲಿನದು ಇನ್ನೂ ಹೆಚ್ಚು, ಅದೊಂದು ಕಾರಣ ಇದ್ದೀತು. ಇನ್ನೊಂದು ಕಾರಣ ಕಲಿಸುವ ರೀತಿಯದು. ನನ್ನ ತಕರಾರು ಇರುವುದು ಅದರ ಮೇಲೆ.

ಮಗಳು ಕಾಲೇಜಿಗೆಂದು ಬೆಂಗಳೂರಿಗೆ ಹೋದ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಒಂದು ಸಂಜೆ ಹೆಂಡತಿ ಮೊಬೈಲಿನಲ್ಲಿ ಹುಬ್ಬಳ್ಳಿಯ ಯಾವುದೋ ಕ್ಲಾಸಿನ ಜಾಹೀರಾತು ತೋರಿಸಿ, "ಹೋಗೂಣೇನ್ರೀ?" ಅಂದಳು. ಝುಂಬಾ ಇರಬೇಕು, ಹೊಟ್ಟೆಯಾದರೂ ಕರಗೀತು ಅಂತ ನಾನು ಹೂಂ ಅಂದೆ. ಹೋಗಿ ನೋಡಿದರೆ ಜೋಡಿ ಕುಣಿತ! ವಾಪಸ್ ಬರಲಿಕ್ಕೆ ಮರ್ಯಾದೆ ಅಡ್ಡ ಬಂತು. ಅಲ್ಲಿಂದ ವಾರಕ್ಕೆ ಎರಡು ಸಂಜೆ ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ ಹತ್ತುವುದು, ವಿದ್ಯಾನಗರದಲ್ಲಿ ಇಳಿಯುವುದು, ಒಂದು ಅಂಗಡಿಯ ಮಾಳಿಗೆಯ ಮೇಲಿದ್ದ ಹಾಲಿಗೆ ಏದುಸಿರು ಬಿಡುತ್ತ ಏರುವುದು ಶುರುವಾಯಿತು.

ಅಲ್ಲಿದ್ದವರು ಹನ್ನೊಂದು ಗಂಡಸರು, ಮೂವರು ಹೆಂಗಸರು. ನಮ್ಮ ಊರಿನಲ್ಲಿ ಇದೇನು ಆಶ್ಚರ್ಯದ ಮಾತಲ್ಲ. ಕಲಿಸುವ ಹುಡುಗ, ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು, ಉಳಿದ ಗಂಡಸರನ್ನು ಜೋಡಿ ಮಾಡಿ ಒಬ್ಬರಿಗೆ ನಡೆಸುವ ಪಾಲು, ಇನ್ನೊಬ್ಬರಿಗೆ ಹಿಂಬಾಲಿಸುವ ಪಾಲು ಕೊಟ್ಟ. ಮೊದಲ ದಿನ ಬರೀ ನಗೆ. ಆದರೆ ಹಿಂಬಾಲಿಸುವ ಪಾಲು ಸಿಕ್ಕ ಹುಡುಗರೇ ಎಲ್ಲರಿಗಿಂತ ಬೇಗ ಕಲಿತರು. ನಡೆಸುವವನ ತಲೆಯಲ್ಲಿ ಮುಂದೇನು ಮಾಡಲಿ ಅನ್ನುವ ಗದ್ದಲ. ಹಿಂಬಾಲಿಸುವವನಿಗೆ ಎದುರಿನವರ ಭಾರ ಯಾವ ಕಾಲಿನ ಮೇಲಿದೆ ಅನ್ನುವುದೊಂದೇ ಕೆಲಸ. ಇದನ್ನು ಎಲ್ಲ ಕ್ಲಾಸಿನವರೂ ಗಂಡಸರಿಗೆ ಕಡ್ಡಾಯ ಮಾಡಬೇಕು. ಅವ ನಮಗೆ "ಸರ್ ಲೀಡು, ಮೇಡಂ ಫಾಲೋ" ಅಂದಾಗ ನನ್ನ ಹೆಂಡತಿ, "ಮನ್ಯಾಗ ಇದು ಉಲ್ಟಾ ಐತಿ, ನಡೀತದೇನು?" ಅಂತ ಕೇಳಿದಳು.

ಆ ಹುಡುಗನಿಗೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸುತ್ತೇನೆ. ಮುಟ್ಟುವುದನ್ನು ಅವ ಚೆನ್ನಾಗಿ ಕಲಿಸಿದ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನಾವಿಬ್ಬರು ನಾಲ್ಕು ಮಂದಿಯ ಎದುರು ಕೈ ಹಿಡಿದು ನಿಂತದ್ದು ಒಂದೇ ಸಲ, ಮದುವೆಯಲ್ಲಿ, ಅದೂ ಭಟ್ಟರು ಹೇಳಿದ್ದಕ್ಕೆ. ಹಾಲಿನಲ್ಲಿ ಅವಳ ಎದುರು ನಿಂತಾಗ ನನ್ನ ಅಂಗೈ ಬೆವರಿ ಜಾರುತ್ತಿತ್ತು. ಜಾರಬಾರದೆಂದು ಬಿಗಿ ಹಿಡಿದೆ. "ಸರ್, ಕೈ ಹಿಡೀರಿ, ಹಿಂಡಬ್ಯಾಡ್ರಿ" ಅಂದ. ಬಲಗೈ ಅವಳ ಬೆನ್ನಿನ ಮೇಲ್ಭಾಗದಲ್ಲಿ, ರೆಕ್ಕೆಯ ಎಲುಬಿನ ಹತ್ತಿರ. ಬೆರಳು ಒತ್ತುವಂತಿಲ್ಲ, ಅಂಗೈ ಚಪ್ಪಟೆ ಇರಬೇಕು. ಇಬ್ಬರ ನಡುವೆ ಒಂದು ಮೊಳ ಜಾಗ. ಯಾರಿಗಾದರೂ ಸರಿ ಬರದಿದ್ದರೆ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿಯುವುದು, ಕಾರಣ ಹೇಳುವ ಗರಜು ಇಲ್ಲ. ಈ ಕೊನೆಯದನ್ನು ಎಲ್ಲರಿಂದ ಎರಡು ಸಲ ಮಾಡಿಸಿದ.

ಇನ್ನು ಹೆಜ್ಜೆಗೆ ಬರೋಣ. ಹೊಸಬರು ಮಾಡುವ ತಪ್ಪು ಎಲ್ಲರದೂ ಒಂದೇ. ನಾಲ್ಕನೆಯ ಎಣಿಕೆಗೆ ಕಾಲು ಮುಟ್ಟಿಸುವ ಬದಲು ಊರಿಬಿಡುತ್ತೇವೆ. ಊರಿದ ಕೂಡಲೇ ಭಾರ ಆ ಕಾಲಿಗೆ ಹೋಗುತ್ತದೆ. ಆದರೆ ಮುಂದಿನ ಹೆಜ್ಜೆಗೆ ಎತ್ತಬೇಕಾದದ್ದು ಅದೇ ಕಾಲು. ಭಾರ ಹೊತ್ತ ಕಾಲು ಏಳುವುದಿಲ್ಲ, ಇನ್ನೊಂದು ಏಳುತ್ತದೆ, ಹೋಗಿ ಎದುರಿನವರ ಪಾದದ ಮೇಲೆ ಕೂಡುತ್ತದೆ. ಸೊಂಟದ ಕಥೆಯೂ ಇಲ್ಲೇ ಇದೆ. ಸೊಂಟ ಕುಣಿಸಿರಿ, ಇನ್ನೂ ಕುಣಿಸಿರಿ ಅಂತ ಬಹಳ ವಿಡಿಯೋಗಳಲ್ಲಿ ಹೇಳುತ್ತಾರೆ. ಸೊಂಟವನ್ನು ಬೇರೆಯಾಗಿ ಕುಣಿಸಲು ಹೋದರೆ ನಡ ಹಿಡಿದವರಂತೆ ಕಾಣುತ್ತದೆ. ಮೊಣಕಾಲು ಸ್ವಲ್ಪ ಮಡಚಿ, ಹೆಜ್ಜೆ ಚಿಕ್ಕದು ಮಾಡಿ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿ ದಾಟಿಸಿದರೆ ನಾಲ್ಕನೆಯದಕ್ಕೆ ಸೊಂಟ ತಾನಾಗಿಯೇ ಏಳುತ್ತದೆ. (ವಿಡಿಯೋ ನೋಡಿ ಕಲಿಯುವವರು ಕಲಿಸುವವರ ಬೆನ್ನು ಕಾಣುವಂತೆ ತೆಗೆದದ್ದನ್ನೇ ಹುಡುಕಿರಿ. ಎದುರಾಗಿ ನಿಂತವರ ಎಡ-ಬಲ ತಿರುಗಿಸಿ ತಿಳಿದುಕೊಳ್ಳುವುದರಲ್ಲಿ ಅರ್ಧ ಜೀವ ಹೋಗುತ್ತದೆ.)

ತೊಂದರೆ ಎಲ್ಲಿತ್ತೆಂದರೆ, ನಾಲ್ಕನೆಯದು ಯಾಕೆ ಖಾಲಿ ಅನ್ನುವುದನ್ನು ಯಾರೂ ಹೇಳಲಿಲ್ಲ. ಮೂರು ವಾರ ಬರೀ "ವನ್ ಟೂ ತ್ರೀ ಟ್ಯಾಪ್". ಹಾಡು ಹಚ್ಚಿದಾಗ ಆ ವನ್ ಎಲ್ಲಿದೆ ಅಂತ ನಮಗ್ಯಾರಿಗೂ ತಿಳಿಯದು. ಅವನೇ ಜೋರಾಗಿ ಕೂಗಬೇಕು, ಅವ ನೀರು ಕುಡಿಯಲು ಹೋದರೆ ಹದಿನಾಲ್ಕೂ ಮಂದಿ ಹದಿನಾಲ್ಕು ದಿಕ್ಕು. ಎಣಿಕೆ ಬೇಕು, ಬೇಡ ಅನ್ನುವುದಿಲ್ಲ. ಎಣಿಕೆ ಕಲಿಸಿ ಕಿವಿಯನ್ನು ಮನೆಯಲ್ಲೇ ಬಿಟ್ಟು ಬರ್ರಿ ಅಂದಂತಾಯಿತು, ನನ್ನ ತಕರಾರು ಅದು.

ನನಗೆ ಬೆಳಕು ಬಿದ್ದದ್ದು ಭಜನೆಯಿಂದ. ಓಣಿಯ ಗುಡಿಯಲ್ಲಿ ಶ್ರಾವಣ ಸೋಮವಾರದ ಭಜನೆ, ತಬಲಾ ನುಡಿಸುವವರು ಕೆಹರ್ವಾ ಹಿಡಿದಿದ್ದರು. ಎಂಟು ಮಾತ್ರೆ, ನಾಲ್ಕು ನಾಲ್ಕರ ಎರಡು ಭಾಗ. ಒಂದಕ್ಕೆ ಚಪ್ಪಾಳೆ, ಐದಕ್ಕೆ ಖಾಲಿ, ಅಂಗೈ ಮೇಲೆ ಮಾಡಿ ಬೀಸುವುದು. ಖಾಲಿ ಅಂದರೆ ಅಲ್ಲಿ ತಾಳ ಇಲ್ಲ ಅಂತಲ್ಲ, ತಾಳ ಇದೆ, ಪೆಟ್ಟು ಇಲ್ಲ. ಕೂತಲ್ಲೇ ನನ್ನ ಕಾಲು ನಾಲ್ಕನೆಯದಕ್ಕೆ ಹಗುರಾಯಿತು. ಬಚಾಟಾದ್ದೂ ಎಂಟರ ಎಣಿಕೆ, ನಾಲ್ಕು ನಾಲ್ಕರ ಎರಡು ಭಾಗ. ವ್ಯತ್ಯಾಸ ಅಂದರೆ ಅಲ್ಲಿ ಖಾಲಿ ಐದರ ಮೇಲೆ, ಇಲ್ಲಿ ಕಾಲು ಖಾಲಿ ಬಿಡುವುದು ನಾಲ್ಕು ಮತ್ತು ಎಂಟರ ಮೇಲೆ. ಮನೆಗೆ ಬಂದು ಹಳೆಯ ಬಚಾಟಾ ಒಂದನ್ನು ಕಿವಿಗೆ ಹಚ್ಚಿಕೊಂಡು ಕೂತೆ. ಅದರಲ್ಲಿ ಬೋಂಗೋ ಇದೆ, ಜೋಡಿ ವಾದ್ಯ, ಒಂದು ಸಣ್ಣದು ಒಂದು ದೊಡ್ಡದು. ಸ್ಪ್ಯಾನಿಷಿನಲ್ಲಿ ಸಣ್ಣದನ್ನು ಗಂಡು, ದೊಡ್ಡದನ್ನು ಹೆಣ್ಣು ಅನ್ನುತ್ತಾರೆ. ಹಾಡಿನ ನುಡಿ ನಡೆಯುವಾಗ ಆ ದೊಡ್ಡದು 'ಗುಂ' ಅನ್ನುವುದು ನಾಲ್ಕನೆಯ ಎಣಿಕೆಗೇ. ನಮ್ಮ ಕಾಲು ಭಾರ ಹಾಕದೆ ಸುಮ್ಮನಿರಬೇಕಾದ ಜಾಗದಲ್ಲೇ ವಾದ್ಯ ಮಾತಾಡುತ್ತದೆ. ಇದನ್ನು ಮೊದಲ ದಿನ ಹತ್ತು ನಿಮಿಷ ಕೂಡಿಸಿ ಕೇಳಿಸಿದ್ದರೆ ನನ್ನ ಹೆಂಡತಿಯ ಪಾದ ಉಳಿಯುತ್ತಿತ್ತು.

ಕೇಳಿಸಲಿಕ್ಕೆ ತಕ್ಕ ಹಾಡೂ ಬೇಕಲ್ಲ. ಕ್ಲಾಸಿನಲ್ಲಿ ಹಚ್ಚುತ್ತಿದ್ದವು ಇಂಗ್ಲಿಷ್ ಪಾಪ್ ಹಾಡಿಗೆ ಬಚಾಟಾದ ತಾಳ ಹೊಲಿದ ರೀಮಿಕ್ಸುಗಳು, ನಡುನಡುವೆ ಹಿಂದಿ ಸಿನಿಮಾದವು. ಅವುಗಳಲ್ಲಿ ವಾದ್ಯ ಎಲ್ಲ ಕಲಸಿ ಗೊಜ್ಜಾಗಿರುತ್ತದೆ. ನಿಜವಾದ ಬಚಾಟಾದಲ್ಲಿ ಮುಂದಿನ ಗಿಟಾರು, ಹಿಂದಿನ ಗಿಟಾರು, ಬಾಸ್, ಬೋಂಗೋ, ಮತ್ತೆ ಗ್ವೀರಾ ಅನ್ನುವ ಒಂದು ಲೋಹದ ಕೊಳವೆ, ಮೈತುಂಬ ಗುಬುಟು, ಅದನ್ನು ತಂತಿಯ ಕಡ್ಡಿಗಳಿಂದ ಕೆರೆದು ನುಡಿಸುತ್ತಾರೆ. ಕೊಬ್ಬರಿ ಹೆರೆದ ಹಾಗೆ ಸದ್ದು. ಹಾಡು ಮೂರು ನಡೆಗಳಲ್ಲಿ ಹೋಗುತ್ತದೆ: ನುಡಿಗೆ ದೆರೇಚೊ, ಪಲ್ಲವಿಗೆ ಮಹಾವೊ, ಹಾಡುಗಾರ ನಿಂತು ಗಿಟಾರು ಓಡುವಾಗ ಮಾಂಬೊ. ಹೆಸರು ಮರೆತರೂ ನಡೆ ಬದಲಾದದ್ದು ಕಿವಿಗೆ ಬಿದ್ದರೆ ಸಾಕು, ಹೆಜ್ಜೆ ಎಲ್ಲಿ ಸಾದಾ ಇಡಬೇಕು, ಎಲ್ಲಿ ಆಟ ಆಡಬಹುದು ಅನ್ನುವುದು ತಿಳಿಯುತ್ತದೆ. ಹೊಸಬರಿಗೆ ನಾನು ಹುವಾನ್ ಲೂಯಿಸ್ ಗೆರ್ರಾನ 1990ರ 'ಬಚಾಟಾ ರೋಸಾ' ಆಲ್ಬಮ್ಮು ಹೇಳುತ್ತೇನೆ. ಅದರ ಬಚಾಟಾಗಳಲ್ಲಿ ಪ್ರತಿ ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ.

ಆ ಆಲ್ಬಮ್ಮಿಗೆ ಗ್ರ್ಯಾಮಿ ಬಂದ ಮೇಲೆಯೇ ಬಚಾಟಾ ದೊಡ್ಡವರ ಮನೆಯ ಪಡಸಾಲೆಗೆ ಬಂದದ್ದು. ಅದಕ್ಕೂ ಮುಂಚೆ ಅದು ಡೊಮಿನಿಕನ್ ರಿಪಬ್ಲಿಕ್ಕಿನ ಬಡವರ ಹಿತ್ತಲಿನದು, ಸಾರಾಯಿ ಅಂಗಡಿಯದು, ಸೂಳೆಗೇರಿಯದು. ತ್ರುಹಿಯೊ ಅನ್ನುವ ಸರ್ವಾಧಿಕಾರಿ ಮೂವತ್ತು ವರ್ಷ ಮೆರೆಂಗೆಯನ್ನು ಮೆರೆಸಿದ. 1961ರಲ್ಲಿ ಅವನ ಕೊಲೆಯಾದ ಮರುವರ್ಷ ಹೋಸೆ ಮಾನ್ವೆಲ್ ಕಾಲ್ದೆರೋನ್ ಮೊದಲ ಬಚಾಟಾ ರೆಕಾರ್ಡು ಮಾಡಿದ. ಆಗ ಅದನ್ನು 'ಅಮಾರ್ಗೆ', ಅಂದರೆ ಕಹಿ, ಎಂದೂ ಕರೆಯುತ್ತಿದ್ದರು. ಬಿಟ್ಟು ಹೋದವಳ ಹಾಡು, ಊರು ಬಿಟ್ಟು ಪಟ್ಟಣ ಸೇರಿದವನ ಹಾಡು. ಹೆಚ್ಚಿನ ರೇಡಿಯೋಗಳು ಹಾಕುತ್ತಿರಲಿಲ್ಲ. 2019ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಶುಕ್ರವಾರಪೇಟೆ. ಗಂಗೂಬಾಯಿ ಹಾನಗಲ್ಲರು ಚಿಕ್ಕವರಿದ್ದಾಗ ಅಲ್ಲಿಯ ಬೀದಿಯಲ್ಲಿ ಹೋಗುತ್ತಿದ್ದರೆ ಜನ 'ಗಾನೇವಾಲಿ' ಅಂತ ಹಂಗಿಸುತ್ತಿದ್ದರು. ಎರಡೂ ಒಂದೇ ಕಥೆ ಅಂತ ನಾನು ಹೇಳುತ್ತಿಲ್ಲ; ಇಲ್ಲಿ ಜಾತಿ ಇತ್ತು, ಅಲ್ಲಿಯ ಲೆಕ್ಕ ಬೇರೆ. ಆದರೆ "ಈ ಹೊರಗಿನ ಹೊಲಸು ಕುಣಿತ ಧಾರವಾಡದಾಗ ಯಾಕ?" ಅಂತ ನನ್ನನ್ನು ಕೇಳಿದ ಹಿರಿಯರಿಗೆ ಇಷ್ಟು ಹೇಳಬೇಕಾಯಿತು. ನಾವು ನಮ್ಮದೆಂದು ಎದೆ ತಟ್ಟಿಕೊಳ್ಳುವ ಕಿರಾಣಾ ಗಾಯಕಿಯೂ ಹೊರಗಿನಿಂದಲೇ ಬಂದದ್ದು, ಅಬ್ದುಲ್ ಕರೀಮ್ ಖಾನರ ಕೊರಳಿನಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿಯವರಿಗೆ, ಭೀಮಸೇನ ಜೋಶಿಯವರಿಗೆ. ಜಿಪುಣ ದುಡ್ಡು ಖರ್ಚು ಮಾಡುವ ಹಾಗೆ ಸ್ವರ ಬಳಸಬೇಕು ಅಂತ ತಮ್ಮ ಗುರು ಕಲಿಸಿದ್ದನ್ನು ಗಂಗೂಬಾಯಿಯವರು ನೆನೆಯುತ್ತಿದ್ದರು. ಇಂಥ ಊರಿನಲ್ಲಿ ಎಂಟು ಕ್ಲಾಸಿಗೆ ಇಪ್ಪತ್ತು ಪಟ್ಟು ಕಲಿಸುತ್ತೇವೆ ಅಂತ ಬೋರ್ಡು ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇಪ್ಪತ್ತರಲ್ಲಿ ನಾಲ್ಕನೇ ವಾರಕ್ಕೇ ಬಂದದ್ದು ಮೈ ಅಲೆ. ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಸೊಂಟಕ್ಕೆ ಹಾವಿನಂತೆ ಅಲೆ ಇಳಿಸುವುದು, ಆಮೇಲೆ ಜೊತೆಯವರನ್ನು ತೋಳಿನ ಮೇಲೆ ಹಿಂದಕ್ಕೆ ಬಾಗಿಸುವುದು. ಇದು ಸ್ಪೇನಿನಲ್ಲಿ ಬೆಳೆದ 'ಸೆನ್ಸುವಲ್' ಶೈಲಿ. ಬಲ್ಲವರು ಕುಣಿದರೆ ಚೆಂದವೇ. ಆದರೆ ಭಾರ ದಾಟಿಸಲು ಬಾರದವರ ಕೈಗೆ ಕೊಟ್ಟರೆ ನಡ ಉಳುಕುತ್ತದೆ. ಅದಕ್ಕಿಂತ ಹೆಚ್ಚಿನದೆಂದರೆ, ಕಹಿ ಹಾಡಿಗೆ ಸಕ್ಕರೆ ಸುರಿದು ಮೈಯನ್ನಷ್ಟೇ ಉಳಿಸಿದಂತೆ ಆಗುತ್ತದೆ. ಹೊಲಸು ಅಂದ ಹಿರಿಯರ ಬಾಯಿಗೆ ನಾವೇ ಮಾತು ಕೊಟ್ಟಂತೆ.

ಐದನೇ ವಾರ ಮೂಲೆಯಲ್ಲಿ ಒಂದು ಮೊಬೈಲು, ಸುತ್ತ ಬೆಳಕಿನ ಬಳೆ. ರೀಲ್ಸ್ ಮಾಡಬೇಕಂತೆ. ನನ್ನ ಹೆಂಡತಿ, "ನನಗಿನ್ನೂ ಬರಾಂಗಿಲ್ಲ, ಬರಲಾರದ್ದನ್ನ ಮಂದಿಗೆ ಯಾಕ ತೋರಸ್ತೀಯೋ ತಮ್ಮಾ?" ಅಂದಳು. ಅವ ಸಮಾಧಾನದಿಂದಲೇ, ಹಾಲಿನ ಬಾಡಿಗೆ ಕಟ್ಟಬೇಕು ಮೇಡಂ, ವಿಡಿಯೋ ಹಾಕದಿದ್ದರೆ ಹೊಸ ಮಂದಿ ಬರುವುದಿಲ್ಲ ಅಂದ. ಅವನ ಮಾತು ಸುಳ್ಳಲ್ಲ. ಅವಳದೂ ಅಲ್ಲ. ಹಾಲಿನಲ್ಲಿದ್ದ ಇನ್ನಿಬ್ಬರು ಹೆಂಗಸರಲ್ಲಿ ಒಬ್ಬರು ಆ ದಿನದಿಂದ ಬರಲಿಲ್ಲ. ಕಲಿಯುವವರಿಗೆ ಕೆಟ್ಟದಾಗಿ ಕುಣಿಯುವ ಹಕ್ಕು ಇರಬೇಕು, ಅದೂ ಬಾಗಿಲು ಹಾಕಿಕೊಂಡು. ಮೂವತ್ತು ವರ್ಷ ಮನೆಯೊಳಗೂ ಕುಣಿಯದ ಹೆಂಗಸೊಬ್ಬಳು ಮಾಳಿಗೆ ಹತ್ತಿ ಬಂದಿದ್ದಾಳೆ ಅಂದರೆ ಅದು ಸಣ್ಣ ಮಾತಲ್ಲ. ಅವಳನ್ನು ವಾಪಸ್ ಇಳಿಸಲಿಕ್ಕೆ ಒಂದು ಮೊಬೈಲು ಸಾಕು. ನಾವೂ ಆ ವಾರಕ್ಕೆ ಬಿಟ್ಟೆವು. ಉಳಿದ ದುಡ್ಡು ಕೇಳಲಿಲ್ಲ.

ಈಗ ಮನೆಯಲ್ಲೇ. ರಾತ್ರಿ ಊಟ ಆದ ಮೇಲೆ, ಅಡುಗೆಮನೆ ಮತ್ತು ಪಡಸಾಲೆಯ ನಡುವಿನ ಜಾಗ, ಆರಡಿ ಉದ್ದ ಇದ್ದೀತು. ಬಚಾಟಾಕ್ಕೆ ಅಷ್ಟು ಧಾರಾಳ ಸಾಕು, ಅದು ಸಣ್ಣ ಜಾಗದ ಕುಣಿತವೇ. ಮೊದಲು ಒಂದು ಹಾಡು ಪೂರ್ತಿ ಕೂತು ಕೇಳುತ್ತೇವೆ, ನಾಲ್ಕನೆಯದಕ್ಕೆ ಬೆರಳಿನಿಂದ ಮೇಜು ಮುಟ್ಟುತ್ತ. ಆಮೇಲೆ ಎದ್ದು ನಿಂತು ಅದೇ ಹಾಡು. ಅಕ್ಕಪಕ್ಕದ ಹೆಜ್ಜೆ, ಹಿಂದೆ-ಮುಂದಿನ ಹೆಜ್ಜೆ, ಒಂದು ಸುತ್ತು, ಅಷ್ಟೇ. ನಡುವೆ ಕುಕ್ಕರಿನ ನೆನಪಾಗಿ ಅವಳು ಹೋಗಿ ಬರುತ್ತಾಳೆ. ಬರುವಾಗ ಸರಿಯಾಗಿ ಒಂದಕ್ಕೆ ಹೆಜ್ಜೆ ಹಾಕುತ್ತಾಳೆ, ನನಗೆ ಈಗಲೂ ಎರಡು ಸುತ್ತು ಕಾಯಬೇಕಾಗುತ್ತದೆ.

ಮೊನ್ನೆ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದರು. "ಏನೋ ತಮ್ಮಾ, ದಿನಾ ರಾತ್ರಿ ಏನ್ ಕುಟ್ಟತೀರಿ? ಮೂರು ಸಲ ಧಪ್ ಧಪ್ ಅಂತೈತಿ, ಆಮ್ಯಾಲ ಗಪ್ ಆಗತೈತಿ, ಮತ್ತ ಮೂರು ಸಲ."

ಗಪ್ ಆಗುವುದು ಅವರಿಗೂ ಕೇಳಿಸಿದೆ! ಓಡಿ ಮೇಲೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಆ ಧಪ್ ಧಪ್ ನಿಮ್ಮದು, ಗಪ್ ಆಗೂದು ನಂದು" ಅಂದಳು.