ಕಚ್ರಾನ ಕೈ, ಬಾಳೂನ ಬೆವರು

'ಲಗಾನ್' ಅಂದರೆ ಕರ. ನವಲಗುಂದದ ಮಂದಿಗೆ ಈ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ. 1980ರ ಜುಲೈ ತಿಂಗಳಲ್ಲಿ ಮಲಪ್ರಭಾ ಕಾಲುವೆ ನೀರಿನ ಅಭಿವೃದ್ಧಿ ಕರ ಕೊಡಲ್ಲ ಅಂತ ಎದ್ದ ರೈತರ ಮೇಲೆ ಇಲ್ಲಿ ಗುಂಡು ಹಾರಿತ್ತು. ಆ ಸುದ್ದಿ ಹಿರಿಯರ ಬಾಯಲ್ಲಿ ಕೇಳತಾ ಬೆಳೆದವ ನಾನು. ಅದಕ್ಕೇ ಅಶುತೋಷ್ ಗೋವಾರಿಕರ್ ಅವರ 2001ರ ಈ ಹಿಂದಿ ಸಿನೆಮಾ ಟಿವಿಯಲ್ಲಿ ನೋಡುವಾಗ ರೈತರ ಜೋಡಿ ನಾನೂ ಸಿಳ್ಳೆ ಹಾಕಿದೆ. ಕಚ್ರಾ ಬಂದಾಗ ಮಾತ್ರ ಸಿಳ್ಳೆ ನಿಂತಿತು.

ಕಚ್ರಾ ಅಂದರೆ ಕಸ. ಅವನು ಊರ ಹೊರಗಿನ ಅಸ್ಪೃಶ್ಯ. ಅವನ ಒಂದು ಕೈ ಊನ. ಆ ಊನದಿಂದಲೇ ಚೆಂಡು ತಿರುಗುತ್ತದೆ. ಕಥಾನಾಯಕ ಭುವನ್ ಅದನ್ನು ಗುರುತಿಸುತ್ತಾನೆ. ಊರವರು ಮುನಿದು ನಿಂತಾಗ ಭಾಷಣ ಮಾಡಿ ಅವನನ್ನು ತಂಡಕ್ಕೆ ಸೇರಿಸುತ್ತಾನೆ. ನೋಡಿದ ಮಂದಿ ಕಣ್ಣೀರು ಒರಸಿಕೊಳ್ಳತಾರ. ನನ್ನ ಪ್ರಶ್ನೆ ಇಷ್ಟೇ ಗೆಳೆಯರೆ: ದಲಿತನ ಕೈಚಳಕ ಯಾಕೆ ಊನವೇ ಆಗಬೇಕು? ಅವನು ದುಡಿದು ಕಲಿತ ವಿದ್ಯೆ ಯಾಕೆ ಆಗಬಾರದು?

ಈ ಸಿನೆಮಾದ ಕತೆ ನಡೆಯುವುದು 1893ರಲ್ಲಿ. ಆ ಹೊತ್ತಿಗೆ ನಿಜವಾದ ಒಬ್ಬ ದಲಿತ ಬೌಲರ್ ಹದಿನೇಳರ ಆಸುಪಾಸಿನ ಹುಡುಗ. ಹೆಸರು ಪಾಲವಣಕರ ಬಾಳೂ. ಕೊಂಕಣ ಮೂಲದ ಚಮ್ಮಾರ ಮನೆತನ. ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಪುಣೆಯ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆದು ತಿಂಗಳಿಗೆ 3 ರೂಪಾಯಿ ಪಡೆಯುತ್ತಿದ್ದ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಸಾಹೇಬರಿಗೆ ಅಭ್ಯಾಸವಾಗಲೆಂದು ತಾಸುಗಟ್ಟಲೆ ಎಡಗೈ ಸ್ಪಿನ್ ಹಾಕಿ ಹಾಕಿ ಪಳಗಿದ. ಬೌಲಿಂಗ್ ಅವನ ಪಾಲು. ಬ್ಯಾಟ್ ಅವನ ಕೈಗೆ ಬರಲಿಲ್ಲ.

ಇದು ಓದಿದಾಗ ನನಗೆ ನಮ್ಮೂರ ಆಟ ನೆನಪಾಯಿತು. ಬಿಸಿಲಿಗೆ ಬಾಯಿಬಿಟ್ಟ ಎರೆಹೊಲದ ಪಕ್ಕ ಆಡತಿದ್ವಿ. ಕೇರಿ ಹುಡುಗರದು ಬೌಲಿಂಗು, ಚೆಂಡು ಹೆಕ್ಕೋದು. "ನಿನ್ನ ಪಾಳಿ ನಾಳೆ ಲೇ" ಅನ್ನತಿದ್ರು. ಆ ನಾಳೆ ಬರಲೇ ಇಲ್ಲ. ನೀರು ಕುಡಿಯಾಕ ಬೊಗಸೆ ಒಡ್ಡಬೇಕು, ಅವರು ಮ್ಯಾಲಿಂದ ಸುರುವತಿದ್ರು.

ಬಾಳೂನ ಕತೆಯಲ್ಲೂ ಹಾಗೇ. ಗೆಲ್ಲಬೇಕೆಂದು ಪುಣೆಯ ಹಿಂದೂ ತಂಡದವರು ಅವನನ್ನು ಕರೆದರು. ಅವನು ಮುಟ್ಟಿದ ಚೆಂಡನ್ನು ಬ್ರಾಹ್ಮಣರು ಮುಟ್ಟಿದರು. ಚಹಾದ ಹೊತ್ತಿಗೆ ಅವರು ಒಳಗೆ, ಅವನು ಹೊರಗೆ, ಕೈಯಲ್ಲಿ ಬೇರೆ ಮಣ್ಣಿನ ಕುಡಿಕೆ. ಅಂದರೆ ಮಡಿಗೂ ಲೆಕ್ಕಾಚಾರ ಗೊತ್ತು. ಲಾಭ ಇರುವಲ್ಲಿ ಸಡಿಲು, ಇಲ್ಲದಲ್ಲಿ ಬಿಗಿ.

1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದ ನಾಯಕ ಪಟಿಯಾಲದ ಮಹಾರಾಜ. 114 ವಿಕೆಟ್ ಕಿತ್ತವನು ಬಾಳೂ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ದಕ್ಕಲಿಲ್ಲ. 1920ರಲ್ಲಿ ಅವನನ್ನು ತಂಡದಿಂದಲೇ ಬಿಟ್ಟಾಗ, ನಾಯಕತ್ವ ಮತ್ತೆ ಬ್ರಾಹ್ಮಣನ ಪಾಲಾದಾಗ, ತಮ್ಮಂದಿರಾದ ವಿಠಲ, ಶಿವರಾಮ ನಾವು ಆಡುವುದಿಲ್ಲ ಎಂದು ಹೊರಬಂದರು. 1923ರಲ್ಲಿ ವಿಠಲ ನಾಯಕನಾದ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್ಸನ್ ಬಣ್ಣದ ಗೋಡೆ ಒಡೆಯುವುದಕ್ಕೆ ಇನ್ನೂ 24 ವರ್ಷ ಇತ್ತು. ಸಿನೆಮಾದಲ್ಲಿ ಬಾಗಿಲು ತೆಗೆಯುವುದು ಭುವನ್‌ನ ಭಾಷಣ. ಇಲ್ಲಿ ಬಾಗಿಲು ತೆಗೆದದ್ದು ಬೆವರು, ಮತ್ತು 'ಒಲ್ಲೆ' ಎಂಬ ಮಾತು. ಕಚ್ರಾನ ಬಾಯಿಗೆ ಸಿನೆಮಾ ಕೊಡದೆ ಹೋದದ್ದು ಈ ಮಾತನ್ನೇ.

ಬಾಳೂನನ್ನು ದೇವರು ಮಾಡುವುದೂ ಬೇಡ. 1937ರ ಚುನಾವಣೆಯಲ್ಲಿ ಅವನು ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತ. ಹಿಂದೊಮ್ಮೆ ಅವನನ್ನು ಮೆಚ್ಚಿ ಕೊಂಡಾಡಿದವರು ಬಾಬಾಸಾಹೇಬರು. ಇದು ನೋವಿನ ಮಾತು, ಮುಚ್ಚಿಡಬಾರದು. ಮೈದಾನದಲ್ಲಿ ಗೋಡೆ ಒಡೆದವನಿಗೂ ರಾಜಕಾರಣದಲ್ಲಿ ಯಾರ ಪಕ್ಕ ನಿಲ್ಲಬೇಕು ಅನ್ನೋದು ಬೇರೆಯೇ ಹೋರಾಟ.

ಹಳ್ಳಿ ಶಾಲೆಯ ಮಾಸ್ತರರೇ, ಅಕ್ಕೋರೇ, ಕಚ್ರಾನ ಕತೆ ಮಕ್ಕಳಿಗೆ ಟಿವಿ ಹೇಳಿದೆ. ಬಾಳೂನ ಕತೆ ನೀವು ಹೇಳಿರಿ. ಹೇಳಿ ಮುಗಿಸಿ ಹುಡುಗರನ್ನು ಆಟಕ್ಕೆ ಬಿಟ್ಟಾಗ, ಬ್ಯಾಟ್ ಯಾರ ಕೈಯಾಗೈತಿ ಅಂತ ಒಂದು ಸಲ ನೋಡ್ರಿ.